ನೇವಿ ಎಸ್ಟೇಟಿನ ರೈಟರ್

ನನ್ನ ಮದುವೆ ಕುದುರಿದ್ದು ಒಂದೇ ಒಂದು ಪದವನ್ನು ಅಪ್ಪ ತಪ್ಪಾಗಿ ತಿಳಿದುಕೊಂಡಿದ್ದರಿಂದ. ಮೂಡಿಗೆರೆ ಕಡೆಯ ದೂರದ ನೆಂಟರೊಬ್ಬರು ಫೋನು ಮಾಡಿ, “ಹುಡುಗ ರೈಟರ್, ಗುಣ ಒಳ್ಳೇದು, ಬೀಡಿ ಸಿಗರೇಟು ಎಂತದೂ ಇಲ್ಲ” ಎಂದಿದ್ದರು. ಅಪ್ಪನಿಗೆ ಅಷ್ಟೇ ಸಾಕಾಯಿತು. ನಮ್ಮ ಕಾಫಿ ಸೀಮೆಯಲ್ಲಿ ರೈಟರ್ ಎಂದರೆ ಕಥೆ ಕಾದಂಬರಿ ಬರೆಯುವವನಲ್ಲ. ಎಸ್ಟೇಟಿನಲ್ಲಿ ಬೆಳಿಗ್ಗೆ ಆಳುಗಳ ಹಾಜರಿ ಹಾಕಿ, ಸಂಜೆ ಕೊಯ್ದ ಹಣ್ಣನ್ನು ತೂಕ ಮಾಡಿಸಿ, ಕತ್ತಲಾಗುವ ಮೊದಲು ಮನೆ ಸೇರುವ ಮನುಷ್ಯ ಅವನು. ಅಪ್ಪನ ಆಸೆಯೂ ಅದೇ ಆಗಿತ್ತು. ಮಗಳು ಹತ್ತಿರದಲ್ಲೇ ಇರಲಿ, ಅಳಿಯ ಭಾನುವಾರ ಬಂದು ಕಳಸದ ನಮ್ಮ ಅಂಗಡಿಯಲ್ಲಿ ಕೂರಲಿ.

ಹೆಣ್ಣು ನೋಡಲು ಬಂದ ದಿನ ಅಪ್ಪ ಹಣೆಗೆ ದಪ್ಪ ವಿಭೂತಿ ಬಳಿದುಕೊಂಡು, ಬಂದವರಿಗೆ ಉಪ್ಪಿಟ್ಟು ಕೊಡಿಸಿ, “ಯಾವ ಎಸ್ಟೇಟಲ್ಲಿ ಇರದು?” ಎಂದು ಕೇಳಿದರು. ಹುಡುಗ, “ನೇವಿಲಿ” ಎಂದರು. ಅಪ್ಪ ಸ್ವಲ್ಪ ಹೊತ್ತು ಯೋಚಿಸಿದರು. ನಮ್ಮ ಕಡೆ ಎಸ್ಟೇಟುಗಳಿಗೆ ಬ್ರಿಟಿಷರು ಎಂತೆಂಥ ಹೆಸರು ಇಟ್ಟು ಹೋಗಿದ್ದಾರೆಂದರೆ ಇದೂ ಒಂದಿರಬಹುದು ಎಂದು ಅವರಿಗೆ ಅನ್ನಿಸಿತು. “ನೇವಿ ಎಸ್ಟೇಟು ಎಲ್ಲಿ ಬರ್ತದೆ ಅದು? ಬಾಳೆಹೊನ್ನೂರು ಸೈಡಾ?”

ಇಡೀ ಮನೆ ನಕ್ಕಿತು. ನಾನು ಒಳಗಿನ ಬಾಗಿಲ ಸಂದಿಯಲ್ಲಿ ನಿಂತು ನಕ್ಕೆ. ನೌಕಾಪಡೆಯಲ್ಲೂ ರೈಟರ್ ಎನ್ನುವ ಹುದ್ದೆ ಇದೆಯೆಂದು ನಮಗೆ ಆ ದಿನ ತಿಳಿಯಿತು. “ಅಲ್ಲೂ ಇದೇ ಕೆಲ್ಸ ಮಾವ, ಹಾಜರಿ, ರಜೆ, ಸಂಬಳ, ರೇಷನ್ನು. ತೋಟ ಒಂದು ಇರದಿಲ್ಲ, ನೀರು ಇರ್ತದೆ” ಎಂದು ಹುಡುಗ ಸಮಾಧಾನ ಹೇಳಿದರು. ಅವರು ಆಗಲೇ ‘ಮಾವ’ ಎಂದುಬಿಟ್ಟಿದ್ದರು. ಸರ್ವೀಸು ಮುಗಿದ ಮೇಲೆ ಊರಿಗೆ ಬಂದು ನಿಜವಾದ ರೈಟರ್ ಆಗುತ್ತೇನೆ ಎಂದು ಮಾತೂ ಕೊಟ್ಟರು. ಅಪ್ಪ ಒಪ್ಪಿಕೊಂಡರು. ನಾನಂತೂ ಅವರು ಹೆದರದೆ ನಕ್ಕಿದ್ದನ್ನು ನೋಡಿ ಮೊದಲೇ ಒಪ್ಪಿಕೊಂಡಿದ್ದೆ.

ಅವರನ್ನು ಇಲ್ಲಿ ‘ನಮ್ಮವರು’ ಎಂದೇ ಬರೆಯುತ್ತೇನೆ. ಮಾತಾಡುವಾಗಲೂ ನಾನು ಹಾಗೇ ಅನ್ನುವುದು.

ಮದುವೆಯಾದ ಹೊಸತರಲ್ಲಿ ಕಾರವಾರದ ಕ್ವಾರ್ಟರ್ಸಿನಲ್ಲಿ ಸ್ವಲ್ಪ ಕಾಲ ಇದ್ದೆ. ಅಪ್ಪನಿಗೆ ಲಕ್ವ ಹೊಡೆದು ಒಂದು ಕೈ ಬಿದ್ದುಹೋದಾಗ ಕಳಸಕ್ಕೆ ವಾಪಸು ಬಂದು ಅಂಗಡಿ ಹಿಡಿದೆ. ಆಮೇಲೆ ಅಪ್ಪ ಹೋದರು, ಅಮ್ಮ ಅದಕ್ಕೂ ಮೊದಲೇ ಹೋಗಿದ್ದರು, ಅಂಗಡಿ ನನ್ನ ಕೈಯಲ್ಲೇ ಉಳಿಯಿತು. ಮಕ್ಕಳಾಗಲಿಲ್ಲ. ಈ ಮಾತನ್ನು ಒಂದೇ ಸಲ ಹೇಳಿ ಮುಗಿಸುತ್ತೇನೆ, ಯಾಕೆಂದರೆ ಊರಿನವರು ಬೇಕಾದಷ್ಟು ಸಲ ಹೇಳಿದ್ದಾರೆ.

ನಮ್ಮದು ಟಾರ್ಪಾಲು, ನೈಲಾನ್ ಹಗ್ಗ, ಗಂಬೂಟು, ಮಳೆಕೋಟುಗಳ ಅಂಗಡಿ. ಕಳಸದ ಬಜಾರಿನಲ್ಲಿ ಬಸ್ಸು ತಿರುಗುವ ಕಡೆ ಇದೆ. ಕಾಫಿ ಒಣಗಿಸುವವರಿಗೆ, ಅಡಿಕೆ ಹರಡುವವರಿಗೆ, ಮೆಣಸು ಕೊಯ್ಯಲು ಏಣಿ ಕಟ್ಟುವವರಿಗೆ ನಾನು ಬೇಕು. ಮಳೆಗಾಲದಲ್ಲಿ ಒಂದು ವ್ಯಾಪಾರ, ಕೊಯ್ಲಿನ ಮುಂಚೆ ಇನ್ನೊಂದು. ನನ್ನ ಬಾಯಿ ಸ್ವಲ್ಪ ಜೋರು ಎಂದು ಹೆಸರಿದೆ. ಟಾರ್ಪಾಲನ್ನು ಬಿಡಿಸಿ, ಮೂಸಿ, ಎಳೆದು, ಬಿಸಿಲಿಗೆ ಹಿಡಿದು, ಕೊನೆಗೆ “ನಾಳೆ ಬರ್ತೀನಿ” ಎನ್ನುವವರ ಜತೆ ಇಷ್ಟು ವರ್ಷ ಕಳೆದ ಮೇಲೆ ಯಾರ ಬಾಯಾದರೂ ಜೋರಾಗುತ್ತದೆ.

ನಮ್ಮವರನ್ನು ಸರ್ಕಾರ ಒಂದು ದ್ವೀಪ ದೇಶಕ್ಕೆ ಕಳಿಸಿತು. ಹೆಸರು ಬರೆಯುವುದಿಲ್ಲ, ಬರೆಯಬೇಡ ಎಂದು ಅವರು ಹೇಳಿದ್ದಾರೆ. ಹಿಂದೂ ಮಹಾಸಾಗರದ ನಡುವೆ ಇರುವ ಸಣ್ಣ ದೇಶ. ಅದರ ನೆಲ ನಮ್ಮ ತಾಲ್ಲೂಕಿನಷ್ಟೂ ಇಲ್ಲವಂತೆ, ಕಾಯಬೇಕಾದ ನೀರು ಮಾತ್ರ ಕರ್ನಾಟಕಕ್ಕಿಂತ ಎಷ್ಟೋ ದೊಡ್ಡದಂತೆ. ಕದ್ದು ಮೀನು ಹಿಡಿಯುವವರು, ಮಾದಕ ವಸ್ತು ಸಾಗಿಸುವವರು, ಹಡಗು ದೋಚುವವರು ಎಲ್ಲ ಆ ನೀರಿನಲ್ಲೇ ಓಡಾಡುತ್ತಾರೆ. ನಮ್ಮ ದೇಶ ಅವರಿಗೆ ಕಾವಲು ದೋಣಿ ಕೊಟ್ಟು, ಅದನ್ನು ನಡೆಸಲು ಕಲಿಸುವುದಕ್ಕೆ ಒಂದು ಸಣ್ಣ ತಂಡವನ್ನೂ ಕಳಿಸಿತ್ತು. ತಂಡಕ್ಕೆ ಒಬ್ಬ ರೈಟರ್ ಬೇಕಾಗಿತ್ತು. ಹೆಂಡತಿಯನ್ನು ಕರೆದೊಯ್ಯುವ ಅವಕಾಶ ಅವರ ದರ್ಜೆಗೆ ಇರಲಿಲ್ಲ.

ಊರಿನವರಿಗೆ ಇದನ್ನು ತಿಳಿಸಿ ಹೇಳುವಷ್ಟರಲ್ಲಿ ನನಗೆ ಸಾಕಾಯಿತು. ಕೊನೆಗೆ ಒಂದು ದಾರಿ ಕಂಡುಕೊಂಡೆ. “ಮೆಣಸು ಕೊಯ್ಲಲ್ಲಿ ಕಳ್ಳರ ಕಾಟ ಅಂತ ಪಕ್ಕಪಕ್ಕದ ಎರಡು ಎಸ್ಟೇಟಿನೋರು ಸೇರಿ ಕಾವಲು ಇಡ್ತಾರಲ್ಲ, ಹಂಗೆ” ಎನ್ನುತ್ತಿದ್ದೆ. ಪಕ್ಕದ ಮೆಡಿಕಲ್ ಶಾಪಿನವರು ಗಂಭೀರವಾಗಿ ಕೇಳಿಕೊಂಡು, “ಹಂಗಾದ್ರೆ ನಾಯಿ ಯಾರ್ದು?” ಎಂದರು.

ಈ ಮೆಡಿಕಲ್ ಶಾಪಿನವರೇ ನನಗೆ ವಿದೇಶಾಂಗ ಖಾತೆ. ಅವರ ಅಂಗಡಿಯಲ್ಲಿ ದಿನವಿಡೀ ಟಿವಿ ಓಡುತ್ತದೆ. ಆ ದ್ವೀಪ ದೇಶದ ಹೆಸರು ಬಂದರೆ ಸಾಕು, ಕೌಂಟರಿನಿಂದಲೇ, “ಅಕ್ಕೋ, ನಿಮ್ಮೋರ ದೇಶ ಬಂತು!” ಎಂದು ಕೂಗುತ್ತಾರೆ. ನಾನು ಗಿರಾಕಿಯನ್ನು ಬಿಟ್ಟು ಓಡಿ ಹೋಗುತ್ತಿದ್ದೆ. ಎರಡು ಬಾವುಟ, ಉದ್ದ ಮೇಜು, ಹೂವಿನ ಕುಂಡ, ಇಬ್ಬರು ದೊಡ್ಡವರು ಕೈ ಕುಲುಕಿ ಕ್ಯಾಮೆರಾ ಕಡೆಗೆ ತಿರುಗುವುದು. ಕೆಳಗೆ ‘ದ್ವಿಪಕ್ಷೀಯ ಸಂಬಂಧಕ್ಕೆ ಹೊಸ ಬಲ’ ಎಂದು ಅಕ್ಷರ ಓಡುತ್ತಿತ್ತು.

ಸಂಬಂಧ ಎಂದರೆ ನಮ್ಮ ಕಡೆ ಮೊದಲು ನೆನಪಾಗುವುದು ಹೆಣ್ಣು ಗಂಡಿನ ಸಂಬಂಧ. ಎರಡು ಪಕ್ಷ ಎಂದರೂ ಹೆಣ್ಣಿನ ಕಡೆಯವರು, ಗಂಡಿನ ಕಡೆಯವರು. ಹಾಗೆ ನೋಡಿದರೆ ನನ್ನದೂ ದ್ವಿಪಕ್ಷೀಯ ಸಂಬಂಧವೇ. ಆದರೆ ಆ ಎರಡು ದೇಶಗಳು ಕೈ ಕುಲುಕಿದಾಗಲೆಲ್ಲ ನಮ್ಮವರ ರಜೆ ಮುಂದಕ್ಕೆ ಹೋಗುತ್ತಿತ್ತು. ಯಾರೋ ಮಂತ್ರಿ ಬರುತ್ತಾರೆ, ಜಂಟಿ ಗಸ್ತು ಇದೆ, ಸಮರಾಭ್ಯಾಸ ಇದೆ, ಹೊಸ ರೇಡಾರು ಉದ್ಘಾಟನೆ ಇದೆ. ದೇಶಗಳು ಹತ್ತಿರ ಬಂದಷ್ಟೂ ನಾವಿಬ್ಬರು ದೂರವಾಗುತ್ತಿದ್ದೆವು. ಸಂಬಂಧ ಸ್ವಲ್ಪ ಹಳಸಿದರೆ ಚೆನ್ನಾಗಿತ್ತು ಎಂದು ಒಳಗೊಳಗೇ ಆಸೆಪಡುತ್ತಿದ್ದೆ. ಇದು ದೇಶದ್ರೋಹವೋ ಏನೋ ಗೊತ್ತಿಲ್ಲ. ಮೆಡಿಕಲ್ ಶಾಪಿನವರು, “ನಮ್ಮೂರಿಗೇ ಹೆಮ್ಮೆ ಅಕ್ಕ” ಎಂದಾಗ ಹೌದೆಂದು ತಲೆಯಾಡಿಸಿ ಅಂಗಡಿಗೆ ಬರುತ್ತಿದ್ದೆ.

ಒಂಟಿತನ ನನಗೆ ಸಂಜೆ ಹೊತ್ತು ಜಾಸ್ತಿ. ಹೊರನಾಡಿನಿಂದ ವಾಪಸಾಗುವ ಯಾತ್ರಿಕರ ಬಸ್ಸುಗಳು ಹೋದ ಮೇಲೆ ಬಜಾರು ಒಮ್ಮೆಲೇ ಖಾಲಿಯಾಗುತ್ತದೆ. ಆಗ ನಾನು ಶಟರ್ ಎಳೆದು, ಮನೆಗೆ ಹೋಗಿ, ಒಬ್ಬಳಿಗೆ ಎಷ್ಟು ಅನ್ನ ಇಡಬೇಕೆಂದು ಈಗಲೂ ಅಂದಾಜು ಸಿಗದೆ ಸ್ವಲ್ಪ ಹೆಚ್ಚೇ ಇಡುತ್ತೇನೆ. ಬೆಳಿಗ್ಗೆ ಅದನ್ನೇ ಚಿತ್ರಾನ್ನ ಮಾಡಿಕೊಳ್ಳುತ್ತೇನೆ. ಟಾರ್ಪಾಲುಗಳ ವಾಸನೆ ಕೂದಲಿಗೂ ಹತ್ತಿದೆ. ಮಾತಾಡಬೇಕೆಂದರೆ ಫೋನು ಇದೆ, ಆದರೆ ಫೋನಿನಲ್ಲಿ ನಾವು ಮಾತಾಡುತ್ತಿದ್ದದ್ದು ಹವಾಮಾನ. “ಮಳೆ ಬಂತಾ?” “ಬಂತು. ಅಲ್ಲಿ?” “ಇಲ್ಲಿ ಗಾಳಿ.” ಗಂಡ ಹೆಂಡತಿಯ ಮಾತು ಮೀನುಗಾರರಿಗೆ ರೇಡಿಯೋದಲ್ಲಿ ಕೊಡುವ ಸೂಚನೆಯ ಥರ ಇರುತ್ತಿತ್ತು.

ಆದರೆ ಈ ಸಲದ ಕೊಯ್ಲಿಗೆ ಅವರು ಬರುವುದು ಗಟ್ಟಿ ಎಂದು ನಂಬಿದ್ದೆ. ಅಲ್ಲಿನ ಅವಧಿಯೂ ಸರ್ವೀಸೂ ಒಟ್ಟಿಗೇ ಮುಗಿಯುವುದಿತ್ತು. ಅದೇ ಹೊತ್ತಿಗೆ ಹೊರನಾಡು ದಾರಿಯ ಒಂದು ಎಸ್ಟೇಟಿನ ಸಾಹುಕಾರರು ಹಗ್ಗ ಕೊಳ್ಳಲು ಬಂದಿದ್ದರು. ಅಪ್ಪನ ಕಾಲದಿಂದ ನಮ್ಮ ಗಿರಾಕಿ, ವಯಸ್ಸಾದವರು. ಅವರ ಹಳೇ ರೈಟರ್ ಕೆಲಸ ಬಿಟ್ಟು ಶಿವಮೊಗ್ಗದಲ್ಲಿ ಮಗಳ ಮನೆಗೆ ಹೊರಟಿದ್ದರಂತೆ. ನನಗೆ ಎಲ್ಲಿಂದ ಧೈರ್ಯ ಬಂತೋ, ಅಲ್ಲೇ ಕೇಳಿಬಿಟ್ಟೆ.

“ನಮ್ಮೋರು ರಿಟೈರಾಗಿ ಬರ್ತಾರೆ. ಅವ್ರನ್ನ ಇಟ್ಕೊಳ್ತೀರಾ?”

ಸಾಹುಕಾರರು ಕನ್ನಡಕ ತೆಗೆದು ನನ್ನನ್ನು ನೋಡಿದರು. “ಹಡಗಿನೋರಿಗೆ ನಮ್ಮ ತೋಟ ಹಿಡಿಸ್ತದನಮ್ಮ?”

“ಅವ್ರು ಮೂಡಿಗೆರೆ ತೋಟದಲ್ಲೇ ಹುಟ್ಟಿದೋರು. ಹಡಗೇ ಅವ್ರಿಗೆ ಹಿಡಿಸಬಾರದಿತ್ತು.”

ಅವರು ನಕ್ಕು, “ಕೊಯ್ಲು ಶುರುವಾಗೋ ತನಕ ಜಾಗ ಖಾಲಿ ಇಟ್ಟಿರ್ತೀನಿ. ಆಮೇಲೆ ನಂಗೂ ಆಗದಿಲ್ಲ ನೋಡು, ಹಣ್ಣು ಗಿಡದ ಮೇಲೆ ಕಾಯದಿಲ್ಲ” ಎಂದರು.

ಆ ದಿನ ನನಗಾದ ಸಂತೋಷವನ್ನು ಮುಚ್ಚಿಡುವುದಿಲ್ಲ. ಅಪ್ಪ ತಪ್ಪಾಗಿ ಕೇಳಿಸಿಕೊಂಡ ಸಂಬಂಧ ಇಷ್ಟು ವರ್ಷದ ಮೇಲೆ ಸರಿಹೋಗುವುದರಲ್ಲಿತ್ತು. ಕತ್ತಲಾಗುವ ಮೊದಲು ಮನೆ ಸೇರುವ ಗಂಡ, ಮನೆಯಲ್ಲಿ ಇಬ್ಬರ ಅನ್ನ. ನಮ್ಮವರಿಗೆ ಫೋನು ಮಾಡಿ ಹೇಳಿದೆ. ಅವರು, “ಹ್ಞೂಂ, ನೋಡೋಣ” ಎಂದರು. ನಾನು ‘ಹ್ಞೂಂ’ ಅಷ್ಟನ್ನೇ ಕೇಳಿಸಿಕೊಂಡೆ. ಅಂಗಡಿಯಲ್ಲಿ ಹಿಡಿಸದ ಮಾಲನ್ನೆಲ್ಲ ಮನೆಯ ರೂಮಿನಲ್ಲಿ ಒಟ್ಟಿದ್ದೆ, ಅದನ್ನು ಆಳು ಹಿಡಿಸಿ ಅಟ್ಟಕ್ಕೆ ಸಾಗಿಸಿದೆ. ಗೋಡೆಗೆ ಸುಣ್ಣ ಹೊಡೆಸಿದೆ. ಕಿಟಕಿಗೆ ಪರದೆ ಹಾಕಿಸಿದೆ. ಪರದೆ ಯಾಕೆ ಎಂದು ಮೆಡಿಕಲ್ ಶಾಪಿನವರ ಹೆಂಡತಿ ಕೇಳಿದಾಗ ನಾಚಿಕೆಯಾಯಿತು.

ದೀಪಾವಳಿ ಕಳೆದ ಮೇಲೆ ಒಂದು ಮಧ್ಯಾಹ್ನ ಪಕ್ಕದಿಂದ ಕೂಗು ಬಂತು. ಹೋಗಿ ನೋಡಿದರೆ ಅದೇ ಮೇಜು, ಅದೇ ಬಾವುಟ, ಹೂವು ಮಾತ್ರ ಬೇರೆ. ಸಾಗರ ಭದ್ರತೆಯ ಸಹಕಾರವನ್ನು ಇನ್ನಷ್ಟು ವಿಸ್ತರಿಸಲು ಸಹಿ ಹಾಕಿದರು. ಸಂಜೆ ನಮ್ಮವರ ಫೋನು ಬಂತು.

“ಟೀಮನ್ನ ಇನ್ನೆರಡು ವರ್ಷ ಮುಂದುವರಿಸಿದಾರೆ.”

“ನೀವು?”

“ನಾನೂ ಟೀಮಲ್ಲೇ ಇದೀನಲ್ಲ. ಸರ್ವೀಸೂ ಅಷ್ಟು ಮುಂದೆ ಹೋಗ್ತದೆ. ಮೇಲಿನೋರ ತೀರ್ಮಾನ, ಎಂತ ಮಾಡದು.”

ನಾನು ಅವರಿಗೇನೂ ಅನ್ನಲಿಲ್ಲ. ಪಾಪ, ಹುಕುಂ ಬಂದರೆ ಅವರೇನು ಮಾಡುತ್ತಾರೆ ಎಂದುಕೊಂಡೆ. ಎರಡು ದೇಶಗಳನ್ನೂ ಬಾಯಿಗೆ ಬಂದಂತೆ ಬೈದೆ. ಮಾರನೆಯ ದಿನ ಟಿವಿಯಲ್ಲಿ ಆ ಕೈಕುಲುಕಾಟವನ್ನೇ ಮತ್ತೆ ತೋರಿಸಿದಾಗ, “ಇವ್ರಿಗೆ ಮನೆಮಠ ಇಲ್ವಾ?” ಎಂದು ಗಟ್ಟಿಯಾಗಿಯೇ ಕೇಳಿದೆ. ಜ್ವರದ ಮಾತ್ರೆ ಕೊಳ್ಳಲು ಬಂದಿದ್ದವರು ಗಾಬರಿಯಿಂದ ನನ್ನ ಮುಖ ನೋಡಿದರು. ಸಾಹುಕಾರರಿಗೆ ವಿಷಯ ಹೇಳುವ ಮನಸ್ಸಾಗಲಿಲ್ಲ. ಕೊಯ್ಲಿಗೆ ಇನ್ನೂ ಸ್ವಲ್ಪ ಸಮಯವಿತ್ತು, ಸರ್ಕಾರದ ತೀರ್ಮಾನಗಳು ತಿರುಗುವುದೂ ಉಂಟು.

ಅದಾದ ಮೇಲೆ ಆ ದೇಶದಿಂದ ಒಬ್ಬ ಅತಿಥಿ ಬಂದ. ನಾವು ಅವರಿಗೆ ಕಲಿಸಲು ಹೋದಂತೆ ಅವರವರು ಇಲ್ಲಿಗೆ ಕಲಿಯಲು ಬರುತ್ತಾರೆ. ಅಲ್ಲಿನ ಕರಾವಳಿ ಕಾವಲಿನವನು, ನಮ್ಮವರ ಜತೆ ಒಂದೇ ಕಚೇರಿಯಲ್ಲಿ ಕೆಲಸ ಮಾಡಿದವನು, ಕೊಚ್ಚಿಯಲ್ಲಿ ತರಬೇತಿಗೆ ಬಂದಿದ್ದ. ತರಬೇತಿ ಶುರುವಾಗಲು ಇನ್ನೂ ಕೆಲವು ದಿನ ಇತ್ತು. ನಮ್ಮವರು ಫೋನಿನಲ್ಲಿ, “ಒಳ್ಳೆ ಮನುಷ್ಯ, ನಮ್ಮೂರು ನೋಡ್ಬೇಕಂತೆ, ಒಂಚೂರು ನೋಡ್ಕೋ” ಎಂದರು. ಬಸ್‌ಸ್ಟ್ಯಾಂಡಿನ ಹತ್ತಿರದ ಲಾಡ್ಜಿನಲ್ಲಿ ರೂಮು ಹೇಳಿಟ್ಟೆ.

ಮಂಗಳೂರಿನಿಂದ ಘಾಟಿ ಹತ್ತಿ ಕುದುರೆಮುಖದ ಮೇಲೆ ಬರುವ ಬಸ್ಸಿನಲ್ಲಿ ಬಂದಿಳಿದ. ಎತ್ತರದ ಆಳು, ಮುಖ ಮಾತ್ರ ಬಿಳಿಚಿಕೊಂಡಿತ್ತು. ಎಂಥೆಂಥ ಅಲೆಗೆ ಬಗ್ಗದವನು ನಮ್ಮ ಘಾಟಿಯ ತಿರುವುಗಳಿಗೆ ಬಗ್ಗಿ ಕಿಟಕಿಯಿಂದ ತಲೆ ಹೊರಗೆ ಹಾಕಿಯೇ ಬಂದಿದ್ದನಂತೆ. ನಿಂಬೆಹಣ್ಣಿನ ಶರಬತ್ತಿಗೆ ಉಪ್ಪು ಹಾಕಿ ಕೊಟ್ಟೆ. ಸುಧಾರಿಸಿಕೊಂಡ ಮೇಲೆ ಅವನು ಕೇಳಿದ ಮೊದಲ ಪ್ರಶ್ನೆ ಕುದುರೆಮುಖದ್ದು. ಅಷ್ಟೊಂದು ಮನೆಗಳಿಗೆ ಬೀಗ ಬಿದ್ದಿದೆಯಲ್ಲ, ಅಲ್ಲಿ ಯುದ್ಧವಾಗಿತ್ತೇ? ಇಲ್ಲ, ಗಣಿ ನಿಂತುಹೋಯಿತು ಎಂದೆ. ಆ ಬೆಟ್ಟದ ಅದಿರನ್ನು ನೀರಿನಲ್ಲಿ ಕಲಸಿ, ಪೈಪಿನಲ್ಲಿ ಮಂಗಳೂರಿಗೆ ಹರಿಸಿ, ಅಲ್ಲಿಂದ ಹಡಗಿನಲ್ಲಿ ಬೇರೆ ದೇಶಗಳಿಗೆ ಕಳಿಸುತ್ತಿದ್ದರು ಎಂದು ತಿಳಿದಷ್ಟು ಹೇಳಿದೆ. ನನ್ನದು ಅಂಗಡಿ ಇಂಗ್ಲಿಷು. ಸೈಜು, ಕ್ವಾಲಿಟಿ, ಗ್ಯಾರಂಟಿ ದಾಟಿದರೆ ಕೈಸನ್ನೆ ಶುರುವಾಗುತ್ತದೆ. ಆದರೂ ಅವನಿಗೆ ಅರ್ಥವಾಯಿತು. “ಹಾಗಾದರೆ ನಿಮ್ಮ ಬೆಟ್ಟವೂ ಸಮುದ್ರಕ್ಕೆ ಹೋಗಿದೆ” ಎಂದ.

ಅವನು ಚೀಲದಿಂದ ಒಂದು ದೊಡ್ಡ ಡಬ್ಬಿ ತೆಗೆದು ಎರಡೂ ಕೈಯಲ್ಲಿ ಹಿಡಿದು ಕೊಟ್ಟ. ಅವನ ಹೆಂಡತಿ ಕಳಿಸಿದ ಒಣಮೀನು. ನಮ್ಮದು ಲಿಂಗ ಕಟ್ಟಿದ ಮನೆ, ಮೊಟ್ಟೆಯೂ ಒಳಗೆ ಬರುವುದಿಲ್ಲ. ಅದನ್ನು ಹೇಳಿದಾಗ ಅವನು ಕಂಗಾಲಾದ. “ಆದರೆ ನಿಮ್ಮ ಯಜಮಾನರಿಗೆ ಇದೆಂದರೆ ಪ್ರಾಣ! ಭಾನುವಾರ ನಮ್ಮ ಮನೆಗೇ ಬಂದು ತಿನ್ನುತ್ತಾರೆ.”

ನಮ್ಮವರು ಮೀನು ತಿನ್ನುತ್ತಾರೆಂದು ನನಗೆ ಗೊತ್ತಾದದ್ದು ಹೀಗೆ, ಮಿತ್ರರಾಷ್ಟ್ರದ ಪ್ರತಿನಿಧಿಯಿಂದ. ಡಬ್ಬಿಯನ್ನು ಅಂಗಡಿಯ ಹೊರಗಿನ ಕಟ್ಟೆಯ ಮೇಲೆ ಇಡಿಸಿ, ಆಮೇಲೆ ಜೀಪು ಸ್ಟ್ಯಾಂಡಿನ ಡ್ರೈವರೊಬ್ಬರಿಗೆ ಕೊಟ್ಟೆ. ತಿಂದರೆ ತಿನ್ನಲಿ, ದೂರದ ಊರಿನಲ್ಲಿ ಏನು ಸಿಗುತ್ತದೋ ಅದನ್ನು ತಿನ್ನಬೇಕು. ನನಗೆ ಹೇಳಬಹುದಿತ್ತು ಎಂದಷ್ಟೇ ಅನ್ನಿಸಿತು.

ಮೊದಲ ದಿನ ಮೆಡಿಕಲ್ ಶಾಪಿನವರು ತಮ್ಮ ಕಾರಿನಲ್ಲಿ ನಮ್ಮಿಬ್ಬರನ್ನೂ ಹೊರನಾಡಿಗೆ ಕರೆದುಕೊಂಡು ಹೋದರು. ಎಲ್ಲರ ಜತೆ ನೆಲದ ಮೇಲೆ ಸಾಲಿನಲ್ಲಿ ಕೂತು ಅತಿಥಿ ಪ್ರಸಾದದ ಊಟ ಮಾಡಿದ. ಯಾರು, ಎಲ್ಲಿಯವರು ಎಂದು ಯಾರೂ ಕೇಳದೆ ಬಡಿಸಿಕೊಂಡು ಹೋದದ್ದು ಅವನಿಗೆ ಬಹಳ ಹಿಡಿಸಿತು. ದಾರಿಯಲ್ಲಿ ಕಾಫಿ ಹಣ್ಣು ಕೆಂಪಾಗಿದ್ದವು. ಕಿತ್ತು ಬಾಯಿಗೆ ಹಾಕಿಕೊಂಡು, ಇದು ಸಿಹಿ ಇದೆ, ಕಾಫಿ ಎಲ್ಲಿದೆ ಎಂದು ಕೇಳಿದ.

ಎರಡನೆಯ ದಿನ ಮಧ್ಯಾಹ್ನ ಮನೆಗೆ ಊಟಕ್ಕೆ ಕರೆದಿದ್ದೆ. ಅಕ್ಕಿರೊಟ್ಟಿ, ಎಣಗಾಯಿ, ಮಜ್ಜಿಗೆ. ತುಂಬಾ ದಿನಗಳ ಮೇಲೆ ಇನ್ನೊಬ್ಬರಿಗೆ ಬಡಿಸುತ್ತಿದ್ದೆ. ಅವನು ಊಟ ಮಾಡುತ್ತ ನಮ್ಮವರ ಸುದ್ದಿಯನ್ನೇ ಹೇಳಿದ. ಬೆಳಿಗ್ಗೆ ಕಚೇರಿ ಮುಂದೆ ನೇತುಹಾಕಿದ ಕಬ್ಬಿಣದ ತುಂಡನ್ನು ಬಡಿದು ಎಲ್ಲರನ್ನೂ ಹಾಜರಿಗೆ ಕರೆಯುತ್ತಾರಂತೆ. ಇದು ನಮ್ಮೂರಿನ ತೋಟದ ಪದ್ಧತಿ ಎಂದು ಅವರಿಗೆ ಕಲಿಸಿದ್ದಾರಂತೆ. ಅಲ್ಲಿನ ಮಕ್ಕಳು ಅವರನ್ನು ದಾರಿಯಲ್ಲಿ ಕಂಡರೆ ‘ರೈಟರ್, ರೈಟರ್’ ಎಂದು ಹಿಂದೆ ಓಡುತ್ತಾರಂತೆ. ನಾನು ನಗುತ್ತ ಕೇಳುತ್ತಿದ್ದೆ. ಆಮೇಲೆ ಅವನು, “ಅವರು ಉಳಿಯುತ್ತಾರೆ ಎಂದು ಗೊತ್ತಾದ ದಿನ ನಾವು ಪಾರ್ಟಿ ಮಾಡಿದೆವು” ಎಂದ.

“ನಿಮ್ಮ ಸರ್ಕಾರ ಕೇಳಿತಲ್ಲ, ಅದಕ್ಕೆ” ಎಂದೆ.

“ಸರ್ಕಾರ ತಂಡವನ್ನು ಕೇಳಿದ್ದು. ಹಳಬರೆಲ್ಲ ಮನೆಗೆ ಹೋಗುವವರೇ ಇದ್ದರು. ರೈಟರ್ ಜಾಗಕ್ಕೂ ಬೇರೆಯವರು ಬರುವುದು ತೀರ್ಮಾನವಾಗಿತ್ತು. ನಿಮ್ಮ ಯಜಮಾನರೊಬ್ಬರೇ ಅಧಿಕಾರಿಯ ಹತ್ತಿರ ಹೋಗಿ, ನನ್ನನ್ನು ಇಲ್ಲೇ ಬಿಡಿ ಎಂದು ಕೇಳಿಕೊಂಡರು. ಅವರು ಈಗ ನಮ್ಮವರು!”

ಹೆಮ್ಮೆಯಿಂದಲೇ ಹೇಳಿದ. ಫೋನು ತೆಗೆದು ಆ ಪಾರ್ಟಿಯ ವಿಡಿಯೋ ತೋರಿಸಿದ. ಹೂಹೂವಿನ ಅಂಗಿ ಹಾಕಿದ ಒಬ್ಬ ಮನುಷ್ಯ ಡೋಲಿನ ಸದ್ದಿಗೆ ಕುಣಿಯುತ್ತಿದ್ದ. ಸುತ್ತ ಹೆಂಗಸರು, ಮಕ್ಕಳು, ಎಲ್ಲ ಚಪ್ಪಾಳೆ ತಟ್ಟುತ್ತಿದ್ದರು. ಆ ಮನುಷ್ಯ ತಿರುಗಿದಾಗ ಅದು ನಮ್ಮವರು. ಅವರಿಗೆ ಕುಣಿಯಲು ಬರುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ನಮ್ಮ ಮದುವೆಯಲ್ಲಿ ಅವರು ಫೋಟೋಕ್ಕೆ ನಗುವುದಕ್ಕೂ ಒದ್ದಾಡಿದ್ದರು.

ನನಗೆ ಹೊಟ್ಟೆಕಿಚ್ಚಾಯಿತು. ಆ ವಿಡಿಯೋದ ಯಾವ ಹೆಣ್ಣಿನ ಮೇಲೂ ಅಲ್ಲ, ಅದಾಗಿದ್ದರೆ ಜಗಳವಾಡಲು ಸುಲಭವಿತ್ತು. ಒಂದು ಇಡೀ ದೇಶದ ಮೇಲೆ ಹೊಟ್ಟೆಕಿಚ್ಚು ಪಟ್ಟರೆ ಎಲ್ಲಿಗೆ ಹೋಗಿ ಕೇಳುವುದು? ಅತಿಥಿಗೆ ಇನ್ನೊಂದು ರೊಟ್ಟಿ ಬಡಿಸಿದೆ. ಸಾಕು ಸಾಕು ಎಂದರೂ ಬಡಿಸಿದೆ. ಸಂಜೆ ಬಸ್ಸಿಗೆ ಹತ್ತಿಸುವಾಗ ಅವನ ಹೆಂಡತಿಗೆಂದು ಕಾಫಿಪುಡಿ, ಏಲಕ್ಕಿ ಕೊಟ್ಟು, ಘಾಟಿಯಲ್ಲಿ ಬಾಯಿಗೆ ಇಟ್ಟುಕೊಳ್ಳಲು ನಿಂಬೆಹಣ್ಣನ್ನೂ ಕೊಟ್ಟೆ. ಒಳ್ಳೆಯವನು, ಅವನ ತಪ್ಪು ಏನೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಅಂಗಡಿ ತೆಗೆಯುವ ಮೊದಲೇ ನಮ್ಮವರಿಗೆ ಫೋನು ಮಾಡಿದೆ. ಮಳೆ ಗಾಳಿ ಯಾವುದನ್ನೂ ಕೇಳಲಿಲ್ಲ.

“ಮೇಲಿನೋರ ತೀರ್ಮಾನ ಅಂದ್ರಿ. ಮೇಲಿನೋರು ಬೇರೆ ಆಳು ರೆಡಿ ಮಾಡಿದ್ರಂತಲ್ಲ.”

“ಬಂದು ಎಂತ ಮಾಡ್ಲಿ ಹೇಳು” ಎಂದರು. ಸಿಟ್ಟಿನಲ್ಲಿ ಅಲ್ಲ, ನಿಜವಾಗಿಯೂ ಕೇಳುವವರ ಹಾಗೆ. “ಅಲ್ಲಿ ಎಲ್ಲ ನೀನೇ ನೋಡ್ಕೊಂಡು ಹೋಗ್ತಿದೀ. ರಜೆಗೆ ಬಂದ್ರೆ ನಾನು ನೆಂಟರ ಥರ ಕೂತಿರದು. ಹತ್ತು ದಿನ ಆಗ್ತಿದ್ದಂಗೆ ನೀನು ಕ್ಯಾಲೆಂಡರ್ ನೋಡಕ್ಕೆ ಶುರು ಮಾಡ್ತೀ. ದಿನಾ ಬೆಳಿಗ್ಗೆ. ನಾನೇನು ಕುರುಡನಾ?”

“ಎಷ್ಟು ದಿನ ಉಳೀತು ಅಂತ ನೋಡ್ತಿದ್ದೆ.”

“ಅದನ್ನೇ ಮತ್ತೆ ನಾನು ಹೇಳಿದ್ದು.”

ನಾನು ಕ್ಯಾಲೆಂಡರ್ ನೋಡುತ್ತಿದ್ದದ್ದು ನಿಜ. ಅವರು ಹೊರಡುವ ದಿನ ಹತ್ತಿರ ಬರುತ್ತಿದೆಯಲ್ಲ ಎಂಬ ಸಂಕಟಕ್ಕೆ ನೋಡುತ್ತಿದ್ದೆ. ಅವರು ಹಿಂದಿನಿಂದ ನನ್ನ ಬೆನ್ನನ್ನು ಮಾತ್ರ ನೋಡಿ, ಇವಳು ನಾನು ಹೋಗುವುದನ್ನು ಕಾಯುತ್ತಿದ್ದಾಳೆ ಎಂದುಕೊಂಡಿದ್ದರು. ಪ್ರತಿ ರಜೆಯಲ್ಲೂ.

“ಬೇಗ ಮುಗೀತಿದ್ಯಲ್ಲ ಅಂತ ನೋಡ್ತಿದ್ದೆ ಮಾರಾಯ್ರೆ” ಎಂದೆ. “ನೀವು ಹೋಗಬಾರದು ಅಂತ.”

“ಹೌದಾ?” ಎಂದರು. ಆಮೇಲೆ, “ಒಂದಿನಾನೂ ಹೇಳಿಲ್ವಲ್ಲ ನೀನು” ಎಂದರು.

“ನೀವು ಕೇಳಿಲ್ವಲ್ಲ. ಈಗ ಹೇಳ್ತಿದೀನಿ, ಬನ್ನಿ. ಸಾಹುಕಾರ್ರು ಇನ್ನೂ ಯಾರನ್ನೂ ತಗಂಡಿಲ್ಲ. ನಂಗೆ ಒಬ್ಬಳೇ ಇದ್ದು ಇದ್ದು ಸಾಕಾಗಿದೆ.”

“ಸಹಿ ಹಾಕಾಗಿದೆ ಈಗ.”

“ಬೇರೆ ಆಳು ಇದಾನಲ್ಲ, ಅಧಿಕಾರಿ ಹತ್ರ ಇನ್ನೊಂದ್ಸಲ ಹೋಗಿ ಕೇಳಿ ನೋಡಿ.”

“ಹ್ಞೂಂ, ನೋಡೋಣ.”

ಈ ಸಲ ಎರಡೂ ಮಾತು ಕೇಳಿಸಿತು. ಆದರೂ ಕಾದೆ. ದಿನಾ ಸಂಜೆ ಫೋನು ಬರುತ್ತಿತ್ತು, ಮೊದಲಿಗಿಂತ ಹೆಚ್ಚು ಹೊತ್ತು ಮಾತಾಡುತ್ತಿದ್ದರು. ಅತಿಥಿ ಮಾಡಿದ ಹೊಗಳಿಕೆ, ಅಕ್ಕಿರೊಟ್ಟಿ, ಹೊರನಾಡು, ಎಲ್ಲದರ ಬಗ್ಗೆ ಕೇಳಿದರು. ಮೀನಿನ ವಿಷಯಕ್ಕೆ ನಾನು ಛೇಡಿಸಿದೆ, ಅವರು ನಕ್ಕರು. ಅಧಿಕಾರಿಯ ಹತ್ತಿರ ಹೋದಿರಾ ಎಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ನನ್ನ ಮಾತನ್ನು ಅವರು ನಂಬಿದ್ದರು ಎಂದೇ ನನಗೆ ಅನ್ನಿಸುತ್ತದೆ. ಆದರೆ ಅಷ್ಟು ಹೊತ್ತಿಗೆ ಅವರಿಗೆ ಅಲ್ಲಿ ಒಂದು ಜೀವನ ಬೆಳೆದುಬಿಟ್ಟಿತ್ತು. ಇಲ್ಲಿ ಅವರಿಗಾಗಿ ನಾನು ಇಟ್ಟಿದ್ದದ್ದು ಸುಣ್ಣ ಹೊಡೆದ ಒಂದು ರೂಮು ಮಾತ್ರ.

ಕೊಯ್ಲು ಶುರುವಾಯಿತು. ಆಳು ತುಂಬಿದ ಜೀಪುಗಳು ಬೆಳಿಗ್ಗೆ ಬಜಾರಿನ ಮುಂದೆಯೇ ಹೋಗುತ್ತಿದ್ದವು. ಸಾಹುಕಾರರಿಗೆ ಇನ್ನು ಹೇಳದಿದ್ದರೆ ಆಗುವುದಿಲ್ಲವೆಂದು ಒಂದು ದಿನ ಮೆಡಿಕಲ್ ಶಾಪಿನವರಿಗೆ ಅಂಗಡಿ ಒಪ್ಪಿಸಿ, ಅವರ ಎಸ್ಟೇಟಿಗೆ ಹೋದೆ. ಅವರು ಕಣದಲ್ಲಿ ನಿಂತು, ಹಣ್ಣಿನ ಚೀಲಗಳ ತೂಕವನ್ನು ತಾವೇ ಮಾಡಿಸುತ್ತಿದ್ದರು. ಈ ವಯಸ್ಸಿನಲ್ಲಿ ಅವರು ಹಾಗೆ ನಿಂತಿರುವುದನ್ನು ನೋಡಿ ನನಗೆ ಸಂಕೋಚವಾಯಿತು.

“ಜಾಗ ಬೇರೆಯೋರಿಗೆ ಕೊಡಿ. ನಮ್ಮೋರು ಬರದಿಲ್ಲ” ಎಂದೆ.

“ಯಾಕಮ್ಮ, ಸರ್ಕಾರ ಬಿಡ್ಲಿಲ್ವಾ?”

“ಇಲ್ಲ, ಬಿಡ್ಲಿಲ್ಲ.”

“ದೇಶದ ಕೆಲ್ಸ. ಎರಡೆರಡು ದೇಶದ ವಿಷ್ಯ ಬೇರೆ. ನಾವು ನೀವು ಎಂತ ಹೇಳದು ಅದಕ್ಕೆ” ಎಂದು ಅವರು ತಕ್ಕಡಿಯ ಕಡೆ ತಿರುಗಿದರು. ಕಾಫಿ ಕುಡಿದು ಹೋಗು ಎಂದರು. ಕುಡಿದು ಬಂದೆ.

ಸಂಜೆ ಫೋನು ಬಂದಾಗ ನಾನೇ ವಿಷಯ ತೆಗೆದೆ. “ರೈಟರ್ ಕೆಲ್ಸ ಬೇರೆಯೋರಿಗೆ ಕೊಡಿ ಅಂತ ಹೇಳಿ ಬಂದೆ. ಸರ್ಕಾರ ಬಿಡ್ಲಿಲ್ಲ ಅಂತ ಹೇಳಿದೀನಿ. ಊರೋರಿಗೂ ಹಂಗೇ ಹೇಳ್ತೀನಿ.”

ಅವರು ಉಸಿರು ಬಿಟ್ಟದ್ದು ಕೇಳಿಸಿತು. ಆಮೇಲೆ ಮೆಲ್ಲಗೆ, “ಥ್ಯಾಂಕ್ಸ್” ಎಂದರು.

ಮದುವೆಯಾದ ಮೇಲೆ ಅವರು ನನಗೆ ಆ ಮಾತು ಹೇಳಿದ್ದು ಅದೇ ಮೊದಲು. ನಮ್ಮಲ್ಲಿ ಗಂಡ ಹೆಂಡತಿ ಒಬ್ಬರಿಗೊಬ್ಬರು ಥ್ಯಾಂಕ್ಸ್ ಹೇಳುವ ರೂಢಿಯಿಲ್ಲ. ಅದನ್ನು ಹೊರಗಿನವರಿಗೆ ಹೇಳುತ್ತೇವೆ.

“ಪರವಾಗಿಲ್ಲ” ಎಂದೆ.